ಬಲಗಡೆ ಕೂತವರ ಪ್ರಾರ್ಥನೆ

ಮಾಲ್ಟನ್,
೧೯ ಫೆಬ್ರುವರಿ ೨೦೧೯

ಪ್ರೀತಿಯ ತಂಗಿ ವಸಂತಾಳಿಗೆ,

ಕರ್ತನ ಹೆಸರಿನಲ್ಲಿ, ಎರಡು ಸ್ವೆಟರು ಒಂದು ಶಾಲಿನ ಒಳಗಿನಿಂದ, ನಿನ್ನ ಅಕ್ಕನ ವಂದನೆಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಎರಡೇ ಮಾತು. ಸುರೇಶನ ಕ್ಷಮೆ ಕೇಳು. ಇಲ್ಲದಿದ್ದರೆ ಬೆಟಗೇರಿಯ ಮಿಷನ್ ಕಮಿಟಿಯವರು ನಿಮ್ಮಿಬ್ಬರನ್ನೂ ಏಪ್ರಿಲಿನಲ್ಲೇ ವಾಪಸು ಕರೆಸುತ್ತಾರೆ. ನನಗೆ ಉತ್ತರವಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಲಂಗ ಉಡುವ ಕಾಲದಿಂದಲೂ ಬಿಟ್ಟಿಲ್ಲ. ಆದ್ದರಿಂದ ಈ ಪತ್ರ. ಮಾರ್ಚ್ ಹತ್ತರ ಕಮಿಟಿ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದು. ಕಾರ್ಯದರ್ಶಿ ನೀನೇ, ತಡೆಯುವವರು ಯಾರು?

ಕಮಿಟಿಯವರು ನಮಗೆ ‘ಹಿರಿಯ ಮಿಷನರಿ ದಂಪತಿ’ ಎಂಬ ಹೆಸರು ಕೊಟ್ಟು ಹದಿನೆಂಟು ತಿಂಗಳಿಗೆ ಈ ಹಿಮದ ದೇಶಕ್ಕೆ ಕಳಿಸಿದರು. ಸೆಪ್ಟೆಂಬರಿನಲ್ಲಿ ಬಂದೆವು. ನಮ್ಮ ಕ್ರೈಸ್ತ ಸಭೆ ಸೇರುವುದು ಒಂದು ಪ್ಲಾಜಾದಲ್ಲಿ, ಸೀರೆ ಅಂಗಡಿಗೂ ಡ್ರೈವಿಂಗ್ ಸ್ಕೂಲಿಗೂ ನಡುವಿನ ಒಂದು ಹಾಲಿನಲ್ಲಿ. ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ. ಪ್ರಸಂಗ ಮಾಡುವ ಕೆಲಸ ನಮ್ಮದಲ್ಲ. ಮನೆಮನೆಗೆ ಹೋಗುವುದು, ಚಹಾ ಕುಡಿಯುವುದು, ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಕರೆದರೆ ಆಸ್ಪತ್ರೆಗೆ ಜೊತೆಯಾಗುವುದು. ನಿನ್ನ ಭಾವ ಸತ್ಯಪ್ರಕಾಶ್ ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು, ಅವರು ಕೇಳಿಸಿಕೊಳ್ಳುತ್ತಾರೆ. ನಾನು ಮೂವತ್ತೈದು ವರ್ಷ ಇತಿಹಾಸ ಕಲಿಸಿದವಳು, ನಾನು ಮಾತಾಡುತ್ತೇನೆ. ಜೋಡಿ ಚೆನ್ನಾಗಿದೆ.

ಈ ಚಳಿಗಾಲದ ಬಗ್ಗೆ ಕಮಿಟಿಗೆ ಏನು ಗೊತ್ತು? ಜನವರಿ ಇಪ್ಪತ್ತೆಂಟರಂದು ಬಿದ್ದ ಹಿಮದಲ್ಲಿ ನಮ್ಮ ಬೀದಿಯ ಕಾರುಗಳು ಹಿಟ್ಟಿನ ಚೀಲಗಳಂತೆ ಕಾಣುತ್ತಿದ್ದವು. ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ನಿಂತಾಗ ನನ್ನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡವು. ನಿನ್ನ ಭಾವ ಮಂಜುಗಡ್ಡೆಯ ಮೇಲೆ ಬಾತುಕೋಳಿಯ ನಡಿಗೆ ಕಲಿತಿದ್ದಾರೆ. ನಾನು ಅವರ ತೋಳು ಹಿಡಿದು ನಡೆಯುತ್ತೇನೆ, ಬಿದ್ದರೆ ಇಬ್ಬರೂ ಒಟ್ಟಿಗೇ ಬೀಳಲಿ ಎಂದು. ಇಷ್ಟರಲ್ಲೂ ಒಂದು ವಾರವೂ ಮನೆಭೇಟಿ ತಪ್ಪಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ಈಗ ಸುರೇಶನ ವಿಷಯ. ಇಲ್ಲಿನ ಸಭೆಯ ಹಿರಿಯ ಅವನು. ನಮಗೆ ಇರಲು ಜಾಗ ಕೊಟ್ಟವನೂ ಅವನೇ. ಹುಬ್ಬಳ್ಳಿಯಲ್ಲಿ ಏಳನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತವನು. ಒಮ್ಮೆ ಪಕ್ಕದವನ ಉತ್ತರ ನಕಲು ಮಾಡಿದ್ದಕ್ಕೆ ಪೆಟ್ಟು ತಿಂದಿದ್ದಾನೆ. ಇವತ್ತಿಗೂ ಶಾಲೆಯಲ್ಲಿ ಟೀಚರನ್ನು ಕರೆಯುತ್ತಿದ್ದ ಹಾಗೆ ‘ಬಾಯಾರ’ ಅಂತಲೇ ಕರೆಯುತ್ತಾನೆ, ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ. ದೇವರ ಸೇವಕರಿಗೆ ಮನೆಯ ಒಳ್ಳೆಯ ಕೋಣೆ ಕೊಡಬೇಕು ಎಂಬ ನಮ್ಮವರ ಪದ್ಧತಿಯಂತೆ ತನ್ನದೇ ಮಲಗುವ ಕೋಣೆ ಬಿಟ್ಟುಕೊಟ್ಟ. ಆ ಕೋಣೆ ಎಷ್ಟು ಬೆಚ್ಚಗಿದೆ ಎಂದು ಕ್ರಿಸ್‌ಮಸ್ ಪತ್ರದಲ್ಲಿ ನಿನಗೆ ಬರೆದಿದ್ದೆ.

ಅದೇ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರು ಕುಂದಗೋಳ ಕಡೆಯ ದ್ಯಾಮವ್ವ, ಅವಳ ಮಗ ಪ್ರವೀಣಕುಮಾರ, ಸೊಸೆ ಮಾಧುರಿ. ಮಗನಿಗೆ ಬೋಲ್ಟನ್‌ನ ಒಂದು ವೇರ್‌ಹೌಸಿನಲ್ಲಿ ಕೆಲಸ. ಸೊಸೆಯ ಬಾಣಂತನಕ್ಕೆಂದು ದ್ಯಾಮವ್ವ ಬಂದಿದ್ದಾಳೆ. ಕೊರಳಲ್ಲಿ ಲಿಂಗ, ಬಾಯಲ್ಲಿ ವಚನ. ಅವಳನ್ನು ಕ್ರೈಸ್ತಳನ್ನಾಗಿ ಮಾಡುತ್ತೇನೆ ಎಂದು ಕಮಿಟಿಯಲ್ಲಿ ಯಾರಾದರೂ ಆಸೆ ಇಟ್ಟುಕೊಂಡಿದ್ದರೆ ಬಿಡಲಿ. ಮೊದಲ ದಿನ ಬಾಗಿಲಲ್ಲಿ ನಿಂತು ನಾವು ಯಾರೆಂದು ಹೇಳುತ್ತಿದ್ದರೆ, “ನಿಮ್ಮ ದೇವ್ರು ನಮ್ಮ ದೇವ್ರು ಆಮ್ಯಾಲೆ ನೋಡೂಣ ಅಕ್ಕಾರ, ಮೊದ್ಲ ಬಾಗ್ಲಾ ಹಾಕ್ರಿ, ಥಂಡಿ ಗಾಳಿ ಬರಾಕತ್ತೈತಿ” ಅಂದಳು.

ಡಿಸೆಂಬರಿನಿಂದ ದ್ಯಾಮವ್ವ ದಿನವೂ ಮೇಲಕ್ಕೆ ರೊಟ್ಟಿ ಕಳಿಸತೊಡಗಿದಳು. ಜೋಳದ ಬಿಸಿ ರೊಟ್ಟಿ. ನಾವು ಹೊಗಳಿದೆವು, ತಿಂದೆವು, ಇನ್ನೂ ಹೊಗಳಿದೆವು. ಪ್ರವೀಣ ವೇರ್‌ಹೌಸಿನ ಗೆಳೆಯರಿಗೆಲ್ಲ ರೊಟ್ಟಿ ಒಯ್ಯುತ್ತಿದ್ದ. ಎದುರು ಮನೆಯ ಪಂಜಾಬಿ ಮುದುಕಿಗೂ ರೊಟ್ಟಿ. ಮೂರು ಜನರ ಮನೆಯಲ್ಲಿ ದಿನಕ್ಕೆ ನಲವತ್ತು ರೊಟ್ಟಿ ಯಾಕೆ ಎಂದು, ಇತಿಹಾಸದ ಮೇಷ್ಟರಗಿತ್ತಿಯಾದ ನಾನು, ಒಮ್ಮೆಯೂ ಕೇಳಲಿಲ್ಲ.

ಜನವರಿಯಲ್ಲಿ ಕೂಸು ಹುಟ್ಟಿತು. ಹೆಣ್ಣು. ಹಿಮ ಬಿದ್ದ ವಾರದಲ್ಲಿ ನೋಡಲು ಕೆಳಗಿಳಿದೆವು. ವಸಂತಾ, ಅಲ್ಲಿ ನನ್ನ ಉಸಿರು ನನಗೇ ಕಾಣಿಸಿತು. ಕೂಸನ್ನು ಎರಡು ಕೌದಿಯಲ್ಲಿ ಸುತ್ತಿ ಒಲೆಯ ಪಕ್ಕ ಬುಟ್ಟಿಯಲ್ಲಿ ಮಲಗಿಸಿದ್ದರು. ಇಷ್ಟು ರೊಟ್ಟಿ ಯಾಕವ್ವಾ ಅಂತ ಆಗ ಕೇಳಿದೆ. “ರೊಟ್ಟಿ ಹಸಿವಿಗೆ ಅಲ್ರಿ ಅಕ್ಕಾರ, ಥಂಡಿಗೆ. ಸುಮ್ನ ಒಲಿ ಹಚ್ಚಿ ಕುಂತ್ರ ದಂಡ ಅನಸತೈತಿ. ರೊಟ್ಟಿ ಬಡದ್ರ ಮನಿನೂ ಕಾಯತೈತಿ, ಮಂದಿ ಹೊಟ್ಟಿನೂ ತುಂಬತೈತಿ” ಅಂದಳು. ನಾವು ತಿಂಗಳುಗಟ್ಟಲೆ ಹೊಗಳಿ ತಿಂದದ್ದು ಅವಳ ಚಳಿಯನ್ನು.

ಇಲ್ಲಿನ ಮನೆಗಳಲ್ಲಿ ಫರ್ನೇಸಿನ ಬಿಸಿಗಾಳಿ ತಗಡಿನ ಕೊಳವೆಗಳಲ್ಲಿ ಹರಿದು ಪ್ರತಿ ಕೋಣೆಗೂ ಒಂದೊಂದು ಜಾಲರಿಯಿಂದ ಬರುತ್ತದೆ. ಬೇಸ್‌ಮೆಂಟಿನ ನಾಲ್ಕು ಜಾಲರಿಗಳಿಗೂ ರಟ್ಟು ಮುಚ್ಚಿ ಟೇಪು ಹಚ್ಚಿತ್ತು. ಕೆಳಗೆ ಹರಿಯಬೇಕಾದ ಬಿಸಿಯೆಲ್ಲ ಮೇಲಕ್ಕೆ. ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮಜ್ಜ. ನೇಯ್ಗೆಯ ಕೆಲಸ ಮುಗಿಸಿ, ಬಂಗಲೆಯ ಜಗಲಿಯಲ್ಲಿ ಕೂತು, ಕಾಲ್ಬೆರಳಿಗೆ ಹಗ್ಗ ಕಟ್ಟಿಕೊಂಡು ದೊರೆಸಾನಿಗೆ ಪಂಕಾ ಎಳೆಯುತ್ತಿದ್ದ ಅಜ್ಜ. ಗೋಡೆಯ ತೂತಿನೊಳಗೆ ಹಗ್ಗ. ಗಾಳಿ ಒಳಗೆ, ಬೆವರು ಹೊರಗೆ. ಈ ಕಥೆಯನ್ನು ನಾನು ನಲವತ್ತು ವರ್ಷದಿಂದ ಪ್ರತಿ ಸಭೆಯಲ್ಲಿ ಹೇಳುತ್ತ ಬಂದಿದ್ದೇನೆ, ಕೇಳಿ ಕೇಳಿ ನಿನಗೆ ಆಕಳಿಕೆ ಬಂದಿದೆ. ನಾನು ಏನನ್ನೂ ಮರೆಯುವವಳಲ್ಲ.

ಪ್ರವೀಣ ಕೈಮುಗಿದ. “ಸುರೇಶಣ್ಣಗ ಏನೂ ಅನಬ್ಯಾಡ್ರಿ. ಮನಿ ಬಿಡು ಅಂದ್ರ ಈ ವಿಂಟರ್‌ನ್ಯಾಗ ಕೂಸಿನ್ನ ಕಟಗೊಂಡ ಎಲ್ಲಿ ಹೋಗೂಣು?” ಅಂದ. ಆದರೂ ಸುರೇಶನನ್ನು ಕೇಳಿದೆ. “ನೋಡತೀನ್ರಿ ಬಾಯಾರ, ಒಂದೆರಡು ದಿನ” ಅಂದು ನೆಲ ನೋಡಿದ. ನಕಲು ಮಾಡಿ ಸಿಕ್ಕಿಬಿದ್ದ ದಿನ ನೋಡಿದ್ದನಲ್ಲ, ಅದೇ ನೋಟ. ಒಂದು ವಾರ ಕಳೆಯಿತು. ನಾನು ಇಲ್ಲಿನ ಲೈಬ್ರರಿಗೆ ಹೋಗಿ ನಗರದ ನಿಯಮ ಓದಿ ಬಂದೆ. ಬಾಡಿಗೆ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಮಾಲೀಕನ ದಯೆಯಲ್ಲ, ಕರ್ತವ್ಯ. ಫೆಬ್ರುವರಿ ಆರರಂದು ಕೂಸಿಗೆ ಉಸಿರು ಕಟ್ಟತೊಡಗಿತು. ನಿನ್ನ ಭಾವ ಗಡಿಯಾರ ಹಿಡಿದು ಅದರ ಉಸಿರು ಎಣಿಸಿ, ಈಗಲೇ ಆಸ್ಪತ್ರೆಗೆ ಅಂದರು. ಎರಡು ದಿನ ಅಲ್ಲೇ ಇತ್ತು. ಕರ್ತನ ಕೃಪೆ, ಶುಕ್ರವಾರ ಮಧ್ಯಾಹ್ನ ತಿರುಗಿ ಬಂತು, ಅದೇ ತಣ್ಣನೆಯ ಕೋಣೆಗೆ.

ಶುಕ್ರವಾರ ಸಂಜೆ ನಮ್ಮ ಪ್ರಾರ್ಥನಾ ಕೂಟ. ಅವ್ವನ ಕಾಲದ ಸುತ್ತಿನ ಪ್ರಾರ್ಥನೆಯನ್ನು ನಾನು ಇಲ್ಲಿ ರೂಢಿಗೆ ತಂದಿದ್ದೇನೆ. ಎಲ್ಲರೂ ದುಂಡಗೆ ಕೂರುವುದು. ಒಬ್ಬರು ತಮ್ಮ ಬಿನ್ನಹ ಹೇಳಿದರೆ ಅವರ ಬಲಗಡೆ ಕೂತವರು ಅದಕ್ಕಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಒಲ್ಲೆ ಅನ್ನುವಂತಿಲ್ಲ. ಪ್ರಶ್ನೆ ಕೇಳುವಂತಿಲ್ಲ. ಅವತ್ತು ನಾನು ಬೇಕೆಂದೇ ಸುರೇಶನ ಎಡಕ್ಕೆ ಕೂತೆ. ನನ್ನ ಸರದಿ ಬಂದಾಗ ಹೇಳಿದೆ: “ಒಂದು ಮನೆಯ ನೆಲಮಾಳಿಗೆಯಲ್ಲಿ ಇಪ್ಪತ್ತೈದು ದಿನದ ಕೂಸು ಚಳಿಯಲ್ಲಿದೆ. ಬಿಸಿಗಾಳಿಯ ದಾರಿಗೆ ಟೇಪು ಹಚ್ಚಿದ್ದಾರೆ. ಆ ಮನೆಯ ಮಾಲೀಕನ ಮನಸ್ಸು ಕರಗಲಿ ಎಂದು ಪ್ರಾರ್ಥಿಸಿರಿ.”

ಸುರೇಶನ ಬೇಸ್‌ಮೆಂಟಿನಲ್ಲಿ ಯಾರಿದ್ದಾರೆಂದು ಅಲ್ಲಿದ್ದ ಹದಿನಾರು ಜನಕ್ಕೂ ಗೊತ್ತು. ಅವನು ಎದ್ದು ನಿಂತು ಪ್ರಾರ್ಥಿಸಿದ: “ಕರ್ತನೇ, ಆ ಕೂಸನ್ನು ಕಾಪಾಡು. ಆ ಮಾಲೀಕ ಮಾಡಿದ್ದು ತಪ್ಪು. ಯಾಕ ಮಾಡಿದ ಅನ್ನೂದು ನಿನಗ ಗೊತ್ತೈತಿ. ಆಮೆನ್.” ಮನೆಗೆ ಬಂದವನೇ ಕೋಟು ಕೂಡ ಬಿಚ್ಚದೆ ಕೆಳಗಿಳಿದು ನಾಲ್ಕೂ ಜಾಲರಿಯ ಟೇಪು ಕಿತ್ತ.

ನಡೆದದ್ದು ಇಷ್ಟು. ಆತಿಥ್ಯ ಕೊಟ್ಟವನನ್ನು ಮಿಷನರಿ ಅವಮಾನಿಸಿದಳು ಎಂದು ಇಲ್ಲಿಂದ ಯಾರೋ ನಿಮಗೆ ಫೋನು ಮಾಡಿದ್ದಾರೆ. ನಾನು ಯಾರ ಹೆಸರನ್ನೂ ಎತ್ತಲಿಲ್ಲ. ಪ್ರಾರ್ಥನೆಗೆ ಒಂದು ಬಿನ್ನಹ ಇಟ್ಟೆ. ಚಳಿಯಲ್ಲಿರುವ ಕೂಸಿನ ಪರವಾಗಿ ಮಾತಾಡುವುದು ಅವಮಾನವಾದರೆ, ನಮ್ಮನ್ನು ಇಷ್ಟು ದೂರ ಕಳಿಸಿದ್ದು ಯಾತಕ್ಕೆ? ಆ ಮಾತಿಗಾಗಿ ನಾನು ಕ್ಷಮೆ ಕೇಳುವುದಿಲ್ಲ. ಏಪ್ರಿಲಿನಲ್ಲಿ ಕರೆಸಿಕೊಳ್ಳುವುದಾದರೆ ಕರೆಸಿಕೊಳ್ಳಲಿ. ಅಲ್ಲಿಯತನಕ ಬಾತುಕೋಳಿಯ ನಡಿಗೆಯಲ್ಲಿ ಮನೆಭೇಟಿ ನಡೆಯುತ್ತದೆ.

ಕೂಸು ಚೆನ್ನಾಗಿದೆ. ದ್ಯಾಮವ್ವ ಈಗ ದಿನಕ್ಕೆ ಹನ್ನೆರಡೇ ರೊಟ್ಟಿ ಮಾಡುತ್ತಾಳೆ.

ನಿನ್ನ ಹಟಮಾರಿ ಅಕ್ಕ,
ಜಯಶೀಲಾ

ತಾ.ಕ.: ವಸಂತಾ, ಮೇಲಿನದೆಲ್ಲ ಕಮಿಟಿಗೆ. ಇದು ನಿನಗೆ.

ನಿನ್ನೆ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿನ್ನ ಭಾವ, “ಇಷ್ಟ ಸಾಕೇನ, ಜಯಾ?” ಎಂದು ಕೇಳಿದರು. ಟೇಪು ಕಿತ್ತ ದಿನ ಸುರೇಶನ ಜೊತೆ ಅವರೂ ಕೆಳಗಿಳಿದಿದ್ದರು, ಜಾಲರಿ ಮುಚ್ಚಿದ್ದು ಯಾಕೆಂದು ಅವರಿಗೆ ಅವತ್ತೇ ಗೊತ್ತಾಗಿದೆ. ನಾನಾಗಿ ನೆನಪು ಮಾಡಿಕೊಳ್ಳಲಿ ಎಂದು ಹತ್ತು ದಿನ ಕಾದರಂತೆ. ಡಿಸೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ನಾನು ಸುರೇಶನಿಗೆ ಹೇಳಿದ್ದೆನಂತೆ: “ಏನಪಾ, ನಿನ್ನ ಮನಿ ಗೋರಿ ಇದ್ದಂಗ ಐತಿ. ನಿಮ್ಮ ಬಾಯಾರ್ನ ಇಲ್ಲೇ ಮಂಜುಗಡ್ಡಿ ಮಾಡಿ ಕಳಸ್ತೀ ಏನು?” ನನಗದು ಚಾಷ್ಟಿ, ಬರೀ ತಮಾಷೆ. ಅವನಿಗೆ ಗುರುವಿನ ಅಪ್ಪಣೆ. ಮಾರನೆಯ ದಿನವೇ ಕೆಳಗಿನ ಜಾಲರಿ ಮುಚ್ಚಿದ. ನನ್ನ ಕೋಣೆ ಬೆಚ್ಚಗಾಯಿತು. ನಾನು ನಿನಗೆ ಕ್ರಿಸ್‌ಮಸ್ ಪತ್ರ ಬರೆದೆ.

ಯಾವುದನ್ನೂ ಮರೆಯದ ನಾನು ಇದನ್ನು ಮರೆತಿದ್ದೆ. ಸುರೇಶ ಹದಿನಾರು ಜನರ ಎದುರು ತಪ್ಪು ತನ್ನ ಮೇಲೆ ಎಳೆದುಕೊಂಡ, ನನ್ನ ಹೆಸರು ಎತ್ತಲಿಲ್ಲ. ನಿಮಗೆ ಫೋನು ಮಾಡಿದವನೂ ಅವನಲ್ಲ.

ಇವತ್ತು ಬೆಳಿಗ್ಗೆ ಕೆಳಗಿಳಿದು ದ್ಯಾಮವ್ವನಿಗೆ ಎಲ್ಲ ಹೇಳಿದೆ. ಅವಳು ಕೈಯ ಹಿಟ್ಟು ಕೂಡ ಒರೆಸಿಕೊಳ್ಳಲಿಲ್ಲ. “ಗೊತ್ತೈತ್ ಬಿಡ್ರಿ ಅಕ್ಕಾರ. ನಮ್ಮ ಬಾಯಾರ್ಗೆ ಥಂಡಿ ಆಗಾಕತ್ತೈತಿ, ಎರಡ ದಿನ ತಡೀರಿ ಅಂತ ಸುರೇಶಣ್ಣ ಅವತ್ತ ಬಂದ್ ಕೇಳಿದ್ದ. ವಯಸ್ಸಾದವ್ರು ಅಂತ ನಾವೂ ಹೂಂ ಅಂದ್ವಿ. ಆಮ್ಯಾಲೆ ಕೇಳಾಕ ಬಾಯಿ ಬರಲಿಲ್ಲ” ಅಂದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ವಸಂತಾ. ಗೊತ್ತಿದ್ದೇ ದಿನವೂ ಮೇಲಕ್ಕೆ ರೊಟ್ಟಿ ಕಳಿಸಿದಳು.

ಕೂಸಿಗಾಗಿ ಆಡಿದ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನನಗೂ ಒಂದು ಬಿನ್ನಹವಿದೆ. ಈ ಶುಕ್ರವಾರ ಅದೇ ಹದಿನಾರು ಜನರ ಎದುರು, ಈ ಮನೆಯ ಪಂಕಾದ ಹಗ್ಗ ಯಾರಿಗಾಗಿ ಎಳೆಯಲಾಯಿತು ಎಂದು ಹೆಸರು ಹಿಡಿದು ಹೇಳುತ್ತೇನೆ. ನನ್ನ ಬಲಗಡೆಯ ಕುರ್ಚಿಯಲ್ಲಿ ನೀನೇ ಕೂರು ಎಂದು ಸುರೇಶನಿಗೆ ಹೇಳಿದ್ದೇನೆ.

ಇದು ನಿನಗೆ ಎಂದು ಬರೆದೆ. ಬೇಡ. ಇದನ್ನೂ ಸಭೆಯಲ್ಲಿ ಓದು.