ಮುಷ್ಕರದ ದಿನ ಅಪ್ಪ ಒಳಗೆ ಹೋದದ್ದು

ರಾಯಾಪುರ
೯ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಫಕೀರೇಶಣ್ಣನಿಗೆ ತಂಗಿ ನಾಗರತ್ನಾಳ ನಮಸ್ಕಾರ.

ನಿನ್ನ ಮೊಣಕಾಲು ನೋವು ಹೇಗಿದೆ? ವೈನಿಯ ಶುಗರ್ ಹತೋಟಿಗೆ ಬಂತೇ? ಪುಣೆಯಲ್ಲಿ ಈಗ ಚಳಿ ಬಿದ್ದಿರಬೇಕು, ಬೆಳಗಿನ ಪಾಳಿಗೆ ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು. ನಾವೆಲ್ಲ ಆರಾಮ ಇದ್ದೇವೆ. ಕಣ್ಣಿನ ಆಪರೇಷನ್ ಆದಾಗಿನಿಂದ ಅವ್ವನಿಗೆ ಎಲ್ಲರ ಮನೆಯ ಧೂಳೂ ಕಾಣತೊಡಗಿದೆ. ಮೊನ್ನೆ ನಮ್ಮ ಮನೆಗೆ ಬಂದವಳು ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಹೋದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಹೆಸರು ಬಂದ ಕೂಡಲೇ ನೀನು ಮಾತು ಬದಲಿಸುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಎಂದು ಬರೆಯುತ್ತಿದ್ದೇನೆ.

ನಮ್ಮ ಉಕ್ಕಿನ ಕಾರ್ಖಾನೆ ಈ ದೀಪಾವಳಿಗೆ ಮುಚ್ಚಿತು. ಮಾಲೀಕರ ಮೊಮ್ಮಕ್ಕಳು ಜಾಗ ಮಾರಿದ್ದಾರೆ, ಗೋಡೌನ್ ಕಟ್ಟುತ್ತಾರಂತೆ. ಅವರ ಅಜ್ಜ, ಕಮರಿಪೇಟೆಯ ಸಾಹುಕಾರರು, ಹತ್ತಿ ವ್ಯಾಪಾರದ ದುಡ್ಡು ಹಾಕಿ ಮೊದಲ ಶೆಡ್ಡು ಎಬ್ಬಿಸಿದಾಗ ಇಲ್ಲಿ ಸುತ್ತಲೂ ಜೋಳದ ಹೊಲವಿತ್ತು ಎಂದು ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಮುಗದದ ಕಡೆಯ ಒಕ್ಕಲು ಹುಡುಗರು ರೊಟ್ಟಿ ಕಟ್ಟಿಕೊಂಡು ಬೆಳಗಿನ ರೈಲಿಗೆ ಬರುತ್ತಿದ್ದರು. ಕೂರಿಗೆ ಹಿಡಿದ ಕೈಗಳೇ ಮರಳಿನ ಅಚ್ಚು ಒತ್ತುವುದನ್ನು ಕಲಿತವು. ಅಪ್ಪನೂ ಹಾಗೆ ಬಂದವನೇ. ಮರಳು ಹೊತ್ತು, ಅಚ್ಚು ಒತ್ತಿ, ಕೊನೆಗೆ ಉಕ್ಕು ಕರಗಿಸುವ ಭಟ್ಟಿಯ ಮುಂದೆ ನಿಂತವನು. ಇಲ್ಲಿ ಎರಕ ಹೊಯ್ದ ಪಂಪುಗಳ ಭಾಗಗಳು ಇನ್ನೂ ಎಷ್ಟೋ ಊರುಗಳಲ್ಲಿ ನೀರೆತ್ತುತ್ತಿವೆ. ಕಡೆಯ ಎರಕವಾದ ಮೇಲೆ ಹಳೆಯ ಕೆಲಸಗಾರರನ್ನೆಲ್ಲ ಕರೆದು ಊಟ ಹಾಕಿಸಿದರು. ಅಪ್ಪ ಒಲ್ಲೆನೆಂದ. ಅವ್ವ ಬಿಡಲಿಲ್ಲ. ನಾನೇ ಇಬ್ಬರನ್ನೂ ಕರೆದುಕೊಂಡು ಹೋದೆ.

ಗಂಡಸರ ಪಂಕ್ತಿಯಲ್ಲಿ ಅಪ್ಪನ ಪಕ್ಕದ ಎಲೆಗೆ ಯಾರೂ ಕೂರಲಿಲ್ಲ. ಇಷ್ಟು ವರ್ಷವಾದರೂ ಅವರಿಗೆ ಮುಷ್ಕರದ ದಿನ ಮರೆತಿಲ್ಲ. ನೀನೂ ಅಂದು ಗೇಟಿನ ಮುಂದೆ ಎಲ್ಲರಿಗಿಂತ ಮುಂದೆ ನಿಂತಿದ್ದೆ. ಅಪ್ಪ ಎಲ್ಲರನ್ನೂ ದಾಟಿ ಒಳಗೆ ಹೋದಾಗ ನೀನು "ಇಂವ ನಮ್ಮಪ್ಪ ಅಲ್ಲ" ಎಂದದ್ದು, ಅದೇ ವಾರ ಪುಣೆಯ ರೈಲು ಹತ್ತಿದ್ದು ಎಲ್ಲವೂ ಇಲ್ಲಿನವರಿಗೆ ಗೊತ್ತು.

ಅನ್ನ ಬಡಿಸುತ್ತಿದ್ದಾಗ ಉಡಚಪ್ಪ ಕಾಕಾ ಎದ್ದು ನಿಂತರು. ಆಗ ಯೂನಿಯನ್ ಸೆಕ್ರೆಟರಿಯಾಗಿದ್ದರಲ್ಲ, ಅವರೇ. ಈಗ ಉಸಿರಿನ ತೊಂದರೆ, ಒಂದು ಮಾತಿಗೆ ಎರಡು ಸಲ ನಿಲ್ಲುತ್ತಾರೆ.

"ಒಂದ್ ಮಾತು ಹೇಳತೇನಿ, ಕೇಳ್ರಿ," ಎಂದು ಅಪ್ಪನ ಕಡೆ ಕೈ ತೋರಿಸಿದರು. "ಅವತ್ತ ದ್ಯಾಮಣ್ಣ ತಾನಾಗಿ ಒಳಗ ಹೋಗಿದ್ದಿಲ್ಲ. ನಾನ ಕಳಿಸಿದ್ದೆ. ನಾವು ಕೆಲಸ ನಿಲ್ಲಿಸಿದಾಗ ಭಟ್ಟಿ ತುಂಬ ಕರಗಿದ ಉಕ್ಕು ಇತ್ತು. ಅದು ಅಲ್ಲೇ ಕಲ್ಲಾಗಿದ್ರ ಭಟ್ಟಿ ಹಾಳಾಗತಿತ್ತು, ಮಾಲಕರಿಗೆ ಕಾರ್ಖಾನಿ ಮುಚ್ಚಾಕ ನೆವ ಸಿಗತಿತ್ತು. ಉಕ್ಕು ಹೊರಗ ಹೊಯ್ದು ಬಾ, ನನ್ನ ಹೆಸರು ಹೇಳಬ್ಯಾಡ ಅಂದೆ. ನಾನ ಕಳಿಸೇನಿ ಅಂತ ತಿಳದಿದ್ರ ಮುಷ್ಕರ ಅವತ್ತ ಒಡೀತಿತ್ತು. ಗೆದ್ದ ಮ್ಯಾಲಾದ್ರೂ ನಾ ಹೇಳಬೇಕಾಗಿತ್ರಿ. ಹೆದರಿದೆ."

ಅಪ್ಪ ಕೈಯಲ್ಲಿದ್ದ ತುತ್ತು ಎಲೆಗೆ ಇಟ್ಟು ತಲೆಯೆತ್ತಿದ. "ಉಣ್ಣೂ ಹೊತ್ತಿನ್ಯಾಗ ಯಾಕ ತಗದಿ ಅದನ್ನ? ಕುಂದರ ಬಾ," ಎಂದು ಪಕ್ಕದ ಎಲೆ ತೋರಿಸಿದ. ಕಾಕಾ ಕೂತು ಅಳತೊಡಗಿದರು. ಅಪ್ಪ ಬಡಿಸುವವರನ್ನು ಕರೆದು, "ಇಲ್ಲೆ ಒಂದ್ ಹೋಳಿಗಿ ಹಾಕ್ರಿ" ಎಂದ. ಅಷ್ಟೇ.

ಜಗಳವಾದದ್ದು ಮನೆಗೆ ಬಂದ ಮೇಲೆ. ಅವ್ವ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತಳು. "ನನಗೂ ಹೇಳಲಿಲ್ಲ! ಹುಡುಗ ಮನಿ ಬಿಟ್ಟು ಹೋಗೂ ಮುಂದಾದ್ರೂ ಬಾಯಿ ಬಿಡಬಾರದಿತ್ತೇನು?"

"ಹೇಳಿದ್ರ ಅಂವ ಗೇಟಿನ್ಯಾಗ ನಿಂತು ಊರಿಗೆಲ್ಲಾ ಸಾರತಿದ್ದ. ನಮ್ಮಪ್ಪಂದು ತಪ್ಪಿಲ್ಲ ಅಂತ ಒದರತಿದ್ದ. ವಯಸ್ಸು ಅಂಥಾದ್ದು. ಮುಷ್ಕರ ಗೆಲ್ಲಬೇಕಾಗಿತ್ತು," ಎಂದ ಅಪ್ಪ.

"ಗೆದ್ದ ಮ್ಯಾಲ?"

ಅಪ್ಪ ತನ್ನ ಚಪ್ಪಲಿ ಬಿಟ್ಟು ಗೋಡೆಗೆ ಒತ್ತಿಟ್ಟ. "ಗೆದ್ದ ಮ್ಯಾಲ ಅಂವ ಇದ್ದಿಲ್ಲ."

ಅಣ್ಣಾ, ಇದು ನಿನ್ನನ್ನು ನೋಯಿಸಲು ಬರೆದದ್ದಲ್ಲ. ಗೇಟಿನ ಹೊರಗೆ ನಿಂತವರಿಗೆ ಕಂಡದ್ದು ಅಷ್ಟೇ, ನಿನಗೂ ಅಷ್ಟೇ ಕಂಡಿತು. ನೀನು ಊರಿಗೆ ಬಂದಾಗಲೆಲ್ಲ ನನ್ನ ಮನೆಯಲ್ಲಿ ಇಳಿದು, ಅವ್ವನನ್ನು ಅಲ್ಲಿಗೇ ಕರೆಸಿಕೊಂಡು ನೋಡಿ ಹೋಗುತ್ತಿದ್ದೆ. ಆ ದಿನಗಳಲ್ಲಿ ಅಪ್ಪ ನಮ್ಮ ಓಣಿಯ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ. ನೀನು ಬಸ್ಸಿಗೆ ಹೊರಟಾಗ ಅಲ್ಲಿಂದಲೇ ನೋಡುತ್ತಿದ್ದ. ಅದನ್ನು ನಿನಗೆ ಹೇಳಬೇಡ ಎಂದಿದ್ದ. ಈಗ ಹೇಳಿದ್ದೇನೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಅವ್ವನ ಆಶೀರ್ವಾದ. ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು, ಅವ್ವ ಕುಟ್ಟಲು ಕಾಯುತ್ತಿದ್ದಾಳೆ.

ನಿನ್ನ ತಂಗಿ,
ನಾಗರತ್ನಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಅಪ್ಪ ಬಂದು ಪುಣೆಯ ರೈಲು ಯಾವಾಗಿದೆ ಎಂದು ಕೇಳಿದ. ಬರುವ ಶನಿವಾರಕ್ಕೆ ಟಿಕೆಟ್ ತೆಗೆಸಿದ್ದೇನೆ, ಒಬ್ಬನೇ ಬರುತ್ತಾನೆ. ಬೇಡ ಎನ್ನುವುದಿದ್ದರೆ ನನಗೆ ಹೇಳು, ಅವನಿಗೆ ಹೇಳಬೇಡ. ಸ್ಟೇಷನ್ನಿಗೆ ಬಂದರೆ, ಎಲ್ಲರೆದುರು ತಪ್ಪಾಯಿತು ಗಿಪ್ಪಾಯಿತು ಎನ್ನಬೇಡ, ಅವನಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಅವನ ಕೈಯಲ್ಲಿನ ಚೀಲ ಇಸಿದುಕೋ, ಸಾಕು.