ಲೆನ್ಸಿಗೆ ಸಿಗದಷ್ಟು ಹತ್ತಿರ

ಕಾಯ್ನು ಸೀಮೆ, ಫಿನ್ಲೆಂಡ್
ಸೆಪ್ಟೆಂಬರ್ ಕೊನೆಯ ವಾರ

ಪ್ರೀತಿಯ ಎಸ್ಕೋ,

ಭಾನುವಾರ ನೀನು ಫೋನ್ ಮಾಡಿದಾಗ ನಾನು ಉಗಿಸ್ನಾನದ ಸೌನಾಕ್ಕೆ ಸೌದೆ ಸೀಳುತ್ತಿದ್ದೆ. ಕೈತುಂಬ ಬರ್ಚ್ ತೊಗಟೆಯ ಪುಡಿ. "ಹಿಲ್ಕಾ, ನಾನು ಕಣೇ" ಅಂದೆ ನೀನು. ಹೆಸರು ಹೇಳುವ ಅಗತ್ಯವಿಲ್ಲ ಎಂಬ ಧೈರ್ಯ ನಿನಗೆ. ಅಗತ್ಯ ಇರಲೂ ಇಲ್ಲ ಬಿಡು. ಹೇಗಿದ್ದೀಯ ಎಂದು ಕೇಳಿದೆ. ನಾನು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. "ಮುಳುಗುಹಕ್ಕಿ ಈ ವರ್ಷ ಮರಿ ಮಾಡಿದ್ವಾ? ಹಳೇ ಕೊಲ್ಲಿಲಿ ಇಲ್ವಂತಲ್ಲ, ಈಗ ಎಲ್ಲಿ? ಬರೋ ಜೂನ್‌ಗೆ ಜನ ಕರ್ಕೊಂಡು ಬರ್ತೀನಿ. ಜರ್ಮನಿಯೋರು, ದುಡ್ಡು ಕೊಟ್ಟು ಬರೋರು. ಕಣ್ಣಿನ ಕೆಂಪು ಕಾಣೋ ಅಷ್ಟು ಹತ್ತಿರ ಬೇಕಂತೆ. ನಿನ್ನ ಬಿಟ್ರೆ ಆ ಕೆರೆ ಇನ್ಯಾರಿಗೆ ಗೊತ್ತು?"

"ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟೆ. ನಿನ್ನ ದನಿ ಕೇಳಿ ನಾಲ್ಕು ಬೇಸಿಗೆ ಆಗಿತ್ತು. ಫೋನಿನಲ್ಲಿ ನಿನಗೆ ಏನನ್ನೂ ಹೇಳಲಾಗದು ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಿನ್ನನ್ನು ಮೊದಲು ಕಂಡದ್ದು ನಾನು ಓಡಿಸುವ ಬಸ್ಸಿನಲ್ಲಿ. ಶಾಲೆಯ ಮಕ್ಕಳ ನಡುವೆ ಮಾರುದ್ದದ ಲೆನ್ಸು ತಬ್ಬಿಕೊಂಡು ಕೂತಿದ್ದ ದೊಡ್ಡ ಗಂಡಸು. ಜೌಗಿನ ಬಳಿ ಇಳಿಸು ಎಂದೆ. "ತೋಪು ತಗೊಂಡು ಯಾರ್ ಮೇಲೆ ಯುದ್ಧಕ್ಕೆ ಹೊರಟೆ?" ಎಂದು ನಾನು ಕೇಳಿದ್ದಕ್ಕೆ ಮಕ್ಕಳೆಲ್ಲ ನಕ್ಕರು, ನಿನ್ನ ಕಿವಿ ಕೆಂಪಾಯಿತು. ಆ ವಾರವೇ ನೀನು ನನ್ನ ಪಕ್ಕದ ಗುಡಿಸಲನ್ನು ಬಾಡಿಗೆಗೆ ಹಿಡಿದೆ. ಹಕ್ಕಿ ಎಂದರೆ ಹಾರಿಹೋಗುವುದು ಎಂದಷ್ಟೇ ತಿಳಿದಿದ್ದ ನನಗೆ ಅದು ಹಾರಿಹೋಗದಂತೆ ಹತ್ತಿರ ಸೇರುವುದನ್ನು ಕಲಿಸಿದವನು ನೀನು.

"ನೀನು ಹೋಗಬಾರ್ದು ಹಿಲ್ಕಾ, ಅದು ಬರೋ ಹಾಗಿರ್ಬೇಕು. ಕತ್ತು ಎತ್ತಿತು ಅಂದ್ರೆ ನಿಲ್ಲು. ಮತ್ತೆ ಗರಿ ತೀಡ್ಕೊಳ್ಳೋಕೆ ಶುರು ಮಾಡೋವರೆಗೂ ಉಸಿರೂ ಗಟ್ಟಿಯಾಗಿ ಬಿಡ್ಬೇಡ. ಮೊದಲು ಕಣ್ಣಿಗೆ ಫೋಕಸ್ ಮಾಡು. ಕಣ್ಣು ಮಬ್ಬಾದ್ರೆ ಉಳಿದಿದ್ದೆಲ್ಲ ದಂಡ."

ಹಳೆಯ ಡೇರೆಯ ಬಟ್ಟೆ, ಒಡೆದ ದೋಣಿಯ ಬೆಂಡು ಸೇರಿಸಿ ಹಕ್ಕಿಯ ಕಣ್ಣಿಗೆ ಬೀಳದೆ ಅಡಗಿ ನಿಲ್ಲಲು ನಾವಿಬ್ಬರು ತೇಲುವ ಮರೆ ಕಟ್ಟಿದೆವಲ್ಲ, ಊರಿಗೆಲ್ಲ ಅದೇ ತಮಾಷೆ. ಎದೆಮಟ್ಟದ ರಬ್ಬರ್ ಉಡುಗೆ ತೊಟ್ಟು, ಒಳಗೆ ನೀರಿನಲ್ಲಿ ನಿಂತು, ಅದನ್ನು ಎದೆಯಿಂದ ತಳ್ಳುತ್ತ ಹೋಗುವುದನ್ನು ನೋಡಿ ಅಂಗಡಿಯ ರಿತ್ವಾ ಕೇಳುತ್ತಿದ್ದಳು: "ಏನೇ, ನಿಮ್ಮ ನಾಯಿಗೂಡು ಇನ್ನೂ ಮುಳುಗಿಲ್ವಾ? ಇಬ್ಬರೂ ಒಳಗೆ ಹಕ್ಕಿನೇ ನೋಡ್ತೀರಾ?"

ನೀನು ಹಕ್ಕಿಯನ್ನೇ ನೋಡುತ್ತಿದ್ದೆ, ಎಸ್ಕೋ. ಭುಜಕ್ಕೆ ಭುಜ ತಾಗಿಸಿ, ಒಂದೇ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿದು, ಚಳಿಗೆ ಹಲ್ಲು ಕಟಕಟಿಸುತ್ತ ನಿಂತಾಗ ನಾನೂ ಲೆನ್ಸಿಗೆ ಕಣ್ಣಿಟ್ಟೇ ಇರುತ್ತಿದ್ದೆ. ತಿರುಗಿದರೆ ನಿನ್ನ ಮುಖ ಎಷ್ಟು ಹತ್ತಿರ ಇರುತ್ತದೆ ಎಂದು ಗೊತ್ತಿತ್ತು. ಅದಕ್ಕೇ ತಿರುಗುತ್ತಿರಲಿಲ್ಲ. ಮಾತಾಡಿದರೆ ನೀನು ಎದ್ದುಹೋಗುತ್ತೀಯ ಎಂಬ ಭಯ. ಅಂತೂ ನಾನು ಏನೂ ಮಾತಾಡದೆಯೇ ನೀನು ಹೋದೆ. ಕಡಲತಡಿಯ ತುರ್ಕು ಪಟ್ಟಣಕ್ಕೆ ಚಿತ್ರಪ್ರದರ್ಶನಕ್ಕೆಂದು ಹೋದವನಿಗೆ ಅಲ್ಲಿ ಮಾರ್ಯತ್ತಾ ಸಿಕ್ಕಳು. ಸಾಮಾನು ಒಯ್ಯಲು ಬಂದ ದಿನ "ಮರೆ ನೀನೇ ಇಟ್ಕೋ, ಅಲ್ಲಿ ಸಮುದ್ರ, ಕೆಲಸಕ್ಕೆ ಬರಲ್ಲ" ಎಂದೆ. ನಾನು ನಿನಗೆ ದಾರಿಗೆಂದು ರೈ ರೊಟ್ಟಿ, ಹೊಗೆಗಿಟ್ಟ ಮೀನು ಕಟ್ಟಿಕೊಟ್ಟೆ.

ಮುಂದಿನ ವಸಂತದಲ್ಲಿ ಒಬ್ಬಳೇ ನೀರಿಗಿಳಿದಾಗ ಮರೆ ಒಂದು ಕಡೆಗೆ ವಾಲಿಕೊಂಡು ಹೋಗುತ್ತಿತ್ತು. ನೀನು ನಿಲ್ಲುತ್ತಿದ್ದ ಕಡೆ ಕಲ್ಲು ಕಟ್ಟಿ ಸರಿಮಾಡಿಕೊಂಡೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೌದು, ಮುಳುಗುಹಕ್ಕಿಗಳು ಬಂದಿದ್ದವು. ಹಳೆಯ ಕೊಲ್ಲಿಯ ಸುತ್ತ ಈಗ ಬೇಸಿಗೆಮನೆಗಳಾಗಿವೆ, ಮೋಟಾರು ದೋಣಿಗಳ ಗದ್ದಲ. ಜೋಡಿ ಬೇರೆಡೆಗೆ ಹೋಗಿ ಒಂದು ಪುಟ್ಟ ನಡುಗಡ್ಡೆಯ ಅಂಚಿನಲ್ಲಿ ಗೂಡು ಕಟ್ಟಿತು. ಒಂದೇ ಮರಿ ಉಳಿಯಿತು. ಗೂಡು ಬಿಟ್ಟು ಮರಿ ನೀರಿಗಿಳಿಯುವವರೆಗೂ ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಪ್ರತಿ ಬೆಳಗ್ಗೆ ಹೋಗಿ ದೂರ ನಿಂತು, ದಿನಕ್ಕಿಷ್ಟು ಹತ್ತಿರ ಸರಿದೆ. ಜುಲೈಯಲ್ಲಿ ಒಂದು ದಿನ ಗಾಳಿಯೇ ಇರಲಿಲ್ಲ. ಜೋಡಿಯಲ್ಲಿ ಒಂದು ತಾನಾಗಿ ತೇಲುತ್ತ ಬಂದು ನನ್ನ ಮುಂದೆ ನಿಂತಿತು. ಬೂದು ಮಖಮಲ್ಲಿನ ತಲೆ, ಕತ್ತಿನ ಬಿಳಿ ಗೆರೆಗಳು, ಬೆನ್ನ ಮೇಲಿನ ಚೌಕಗಳು, ಒಂದೊಂದು ಗರಿಯ ಅಂಚಿನಲ್ಲಿ ನಿಂತ ನೀರಹನಿ, ಎಲ್ಲ ಕಾಣಿಸಿತು. ನನ್ನ ಇಷ್ಟು ವರ್ಷದಲ್ಲಿ ಅಂಥ ಚಿತ್ರ ಸಿಕ್ಕಿರಲಿಲ್ಲ. ನಿನಗೂ ಸಿಕ್ಕಿರಲಿಲ್ಲ, ಹೇಳಲೇಬೇಕು.

ನೀನು ಕಲಿಸಿದಂತೆ ಅಲ್ಲೇ ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ಕಣ್ಣು ನೋಡಿದೆ. ಕಣ್ಣು ಸ್ಪಷ್ಟವಾಗಿತ್ತು. ಅದರ ಕೆಳಗೆ, ಕೊಕ್ಕಿನ ಮೇಲೆ, ಕೂದಲಿನಂಥದ್ದೊಂದು ಗೆರೆ. ಲೆನ್ಸಿನ ಕೊಳೆ ಎಂದುಕೊಂಡೆ. ಮುಂದಿನ ಚಿತ್ರದಲ್ಲೂ ಇತ್ತು. ಮೀನು ಹಿಡಿಯುವ ದಾರ. ಮುಚ್ಚಿದ ಕೊಕ್ಕಿಗೆ ಸುತ್ತಿ, ಕತ್ತಿನ ಗರಿಯೊಳಗೆ ಹೂತು, ರೆಕ್ಕೆಯ ಕೆಳಗೆ ಹೋಗಿತ್ತು. ಆಗಲೇ ಮರಿ ಈಜಿಕೊಂಡು ಬಂದು ಅದರ ಎದೆಗೆ ಕೊಕ್ಕು ಕುಟ್ಟಿ ಊಟ ಕೇಳಿತು. ಹಕ್ಕಿ ಮುಖ ಆಚೆ ತಿರುಗಿಸಿಕೊಂಡಿತು. ಮರಿ ಆ ಕಡೆಗೆ ಹೋಯಿತು, ಹಕ್ಕಿ ಈ ಕಡೆಗೆ ತಿರುಗಿತು.

ನೆರೆಯ ಔಲಿಸ್‌ನ ಬಳಿಗೆ ಓಡಿದೆ. ನಿನಗೆ ನೆನಪಿರಬೇಕು, ಬಲೆ, ಗಾಳ, ಬೈಗುಳ ಬಿಟ್ಟರೆ ಬೇರೆ ಗೊತ್ತಿಲ್ಲದ ಮನುಷ್ಯ. "ನನ್ ಮೀನೆಲ್ಲ ತಿನ್ನೋದು ಆ ಹಕ್ಕಿ, ಈಗ ನನ್ ದೋಣಿನೂ ಬೇಕಾ ಅದಕ್ಕೆ? ಮುಳುಗಿದ್ರೆ ಅರ್ಧ ಕೆರೆ ಆಚೆ ಏಳತ್ತೆ. ನಿನ್ ಕೈಗೆ ಸಿಗತ್ತಾ? ಹೋಗಿ ಕಾಫಿ ಕುಡಿ" ಎಂದ. ಕ್ಯಾಮೆರಾ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಇದಕ್ಕೆ ಕಣ್ಣು ಕೆಂಪಾ? ಹುಟ್ಟಿದಾಗಿಂದ ನೋಡ್ತಿದೀನಿ, ಗೊತ್ತೇ ಇರ್ಲಿಲ್ಲ" ಎಂದು ದೋಣಿ ಬಿಚ್ಚಿದ.

ಅವನು ಹೇಳಿದಂತೆಯೇ ಆಯಿತು. ಬಲೆ ಎತ್ತುವ ಮೊದಲೇ ಹಕ್ಕಿ ಮುಳುಗಿತು, ಎಲ್ಲೋ ಎದ್ದಿತು. ನಮ್ಮ ಓಡಾಟದಲ್ಲಿ ಮರಿಯೂ ದಿಕ್ಕೆಟ್ಟು ಕೂಗತೊಡಗಿದಾಗ "ಸಾಕು, ನಾವೇ ಕೊಲ್ತೀವಿ ಇದನ್ನ" ಎಂದು ಔಲಿಸ್ ಹುಟ್ಟು ಮೇಲೆತ್ತಿದ. ಆಮೇಲಿನ ದಿನಗಳಲ್ಲಿ ಅದು ಮುಳುಗುವುದನ್ನೇ ಬಿಟ್ಟಿತು. ಸಂಗಾತಿ ಮರಿಗೆ ಮೀನು ತರುತ್ತಿತ್ತು, ಇದು ದೂರ ತೇಲುತ್ತಿತ್ತು. ರೇಡಿಯೋ ಹಾಕಿದರೂ, ರಿತ್ವಾಳ ಅಂಗಡಿಯಲ್ಲಿ ನಿಂತರೂ ನನಗೆ ಆ ಮುಖ ತಿರುಗಿಸುವುದೇ ಕಾಣುತ್ತಿತ್ತು. ಯಾರಿಗೆ ಹೇಳಲಿ? ಎರಡು ಸಲ ನಿನ್ನ ನಂಬರ್ ಒತ್ತಿ, ಗಂಟೆ ಹೊಡೆಯುವ ಮೊದಲೇ ನಿಲ್ಲಿಸಿದೆ.

ಒಂದು ಬೆಳಗ್ಗೆ ಅದು ನಡುಗಡ್ಡೆಯ ಕಲ್ಲುಗಳ ನಡುವೆ, ಅರ್ಧ ಮೈ ನೀರಿನಾಚೆ ಬಿದ್ದುಕೊಂಡಿತ್ತು. ನಾನು ಕ್ಯಾಮೆರಾವನ್ನು ದಡದಲ್ಲೇ ಬಿಟ್ಟೆ. ಉಣ್ಣೆಯ ಅಂಗಿ, ದಾರ ಕತ್ತರಿಸುವ ಚಿಕ್ಕ ಕತ್ತರಿ, ಇಷ್ಟೇ ತೆಗೆದುಕೊಂಡು ಮರೆಯೊಳಗೆ ಹೊಕ್ಕೆ. ಅದು ಕತ್ತೆತ್ತಿದಾಗ ನಿಂತೆ. ತಲೆ ಇಳಿಸಿದಾಗ ಸರಿದೆ. ಕಾಲು ಮರಗಟ್ಟಿತು. ಕೊನೆಗೆ, ಎಸ್ಕೋ, ನಾವು ಹತ್ತಿರ ಎಂದು ಆಸೆಪಟ್ಟಿದ್ದೆಲ್ಲ ಹತ್ತಿರವೇ ಅಲ್ಲ ಎನಿಸುವಷ್ಟು ಹತ್ತಿರ ಬಂದೆ. ನಮ್ಮ ಉದ್ದನೆಯ ಲೆನ್ಸು ಅಲ್ಲಿದ್ದಿದ್ದರೆ ಬರೀ ಬೂದು ಮಬ್ಬು ತೋರಿಸುತ್ತಿತ್ತು. ಅಂಗಿ ಎಸೆದು, ಬಾಚಿ ಎದೆಗೆ ಒತ್ತಿಕೊಂಡೆ.

ಅದರ ಎದೆಬಡಿತ ನನ್ನ ರಬ್ಬರ್ ಉಡುಗೆ ದಾಟಿ ಬರುತ್ತಿತ್ತು. ಜೀವವಿರುವ ಏನನ್ನಾದರೂ ಹೀಗೆ ತಬ್ಬಿ ಎಷ್ಟು ಕಾಲವಾಯಿತು ಎಂದು ಆಗ ನೆನಪಾಗಿ, ನೀರಿನ ನಡುವೆ ನಿಂತು ಅತ್ತೆ. ಅಳುತ್ತಲೇ ಕತ್ತರಿಸಿದೆ. ಕತ್ತಿನ ಚರ್ಮದಲ್ಲಿ ಹೂತದ್ದನ್ನು ಬಿಡಿಸುವುದು ಕಷ್ಟವಾಯಿತು, ಸ್ವಲ್ಪ ರಕ್ತ ಬಂತು. ಕೊನೆಯ ಸುತ್ತು ಬಿಟ್ಟ ಕೂಡಲೇ ಅದು ನನ್ನ ಮಣಿಕಟ್ಟಿಗೆ ತಿವಿಯಿತು, ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಕೈಬಿಟ್ಟೆ. ಕೊರಡಿನಂತೆ ನೀರಿಗೆ ಬಿತ್ತು, ಸ್ವಲ್ಪ ತೇಲಿತು, ಆಮೇಲೆ ಮುಳುಗಿತು. ಅದು ಎಲ್ಲಿ ಎದ್ದಿತೋ ನನಗೆ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ದಾರದ ಚೂರನ್ನು ಔಲಿಸ್‌ಗೆ ತೋರಿಸಿದೆ. ಬೆರಳಲ್ಲಿ ಹೊಸೆದು ನೋಡಿ, "ಈ ಹಸಿರು ದಾರ ನಂದೇ. ಹೋದ ವರ್ಷ ಕಲ್ಲಿಗೆ ಸಿಕ್ಕಿ ಹರಿದಿತ್ತು. ಬಿಟ್ಟುಬಂದಿದ್ದೆ" ಎಂದ. ಬೈಗುಳ ಒಂದೂ ಬರಲಿಲ್ಲ ಬಾಯಿಂದ. ಆಗಸ್ಟ್ ಪೂರ್ತಿ ಸಂಜೆ ಹೊತ್ತು ದಡದ ಕಲ್ಲುಗಳ ನಡುವೆ ಕೈಹಾಕಿ ಹಳೆ ದಾರ ಎಳೆದು ತೆಗೆಯುತ್ತಿದ್ದ. ಒಂದು ಸಂಜೆ ನನ್ನ ಮನೆಯ ಮುಂದೆ ದೋಣಿ ನಿಲ್ಲಿಸಿ ಕೂಗಿದ: "ಲೇ ಹಿಲ್ಕಾ, ಮೂರೂ ಇದಾವೆ! ನಿನ್ ಗಾಯದ ಹಕ್ಕಿ ಮರಿಗೆ ಮೀನು ಕೊಡ್ತಿದೆ! ಅದೂ ನಾನು ಹಿಡೀಬೇಕು ಅಂದ್ಕೊಂಡಿದ್ ಮೀನು!"

ನಾನು ಹೋಗಿ ದಡದಿಂದಲೇ ನೋಡಿದೆ. ಕತ್ತಿನ ಒಂದು ಪಕ್ಕ ಗರಿ ಕಿತ್ತುಹೋಗಿತ್ತು. ಅದೇ ಹಕ್ಕಿ. ಕಳೆದ ವಾರ ಎಲ್ಲ ಹೋದವು, ಕೆರೆ ಖಾಲಿ.

ಎಸ್ಕೋ, ಜಾಗ ಹೇಳಲಾರೆ. ಬರುವ ವರ್ಷ ಅದು ಬಂದರೂ ಹೇಳಲಾರೆ. ಹಕ್ಕಿ ಕತ್ತೆತ್ತಿದರೆ ನೀನು ನಿಲ್ಲುತ್ತೀಯ, ಗೊತ್ತು. ಅಷ್ಟು ದೂರದಿಂದ ದುಡ್ಡು ಕೊಟ್ಟು ಬಂದವರು ನಿಲ್ಲುತ್ತಾರೆಯೇ? ಅವರು ಇನ್ನೊಂದು ಹೆಜ್ಜೆ ಎನ್ನುತ್ತಾರೆ. ಆ ಕತ್ತಿನ ಮೇಲೆ ಬೇರೆಯವರ ಆಸೆ ಇನ್ನು ಬೇಡ.

ಭಾನುವಾರದಿಂದ ಹೇಳಿಬಿಡೋಣ ಎನಿಸುತ್ತಲೇ ಇದೆ, ಸುಳ್ಳೇಕೆ ಹೇಳಲಿ. ಹೇಳಿದರೆ ಜೂನ್ ಪೂರ್ತಿ ನೀನು ಪಕ್ಕದಲ್ಲಿರುತ್ತೀಯ. ನನ್ನ ಅಡುಗೆಮನೆಯಲ್ಲಿ ಒದ್ದೆ ಕಾಲುಚೀಲ ಒಣಗಿಸುತ್ತೀಯ. ಹೇಳದಿದ್ದರೆ ಇಲ್ಲಿಗೆ ಬರಲು ನಿನಗೆ ಕಾರಣವೇ ಉಳಿಯುವುದಿಲ್ಲ. ಇದನ್ನೆಲ್ಲ ತೂಗಿ ನೋಡಿಯೇ ಬರೆಯುತ್ತಿದ್ದೇನೆ. ಯಾವತ್ತಾದರೂ ಕಾರಣವಿಲ್ಲದೆ ಬರಬೇಕೆನಿಸಿದರೆ ಬಾ, ಮಾರ್ಯತ್ತಾಳನ್ನೂ ಕರೆತಾ. ಏಲಕ್ಕಿ ಬನ್ನು ಸುಡುತ್ತೇನೆ.

ಈ ಕಾಗದವನ್ನು ಈಗಲೇ ರಿತ್ವಾಳ ಅಂಗಡಿಯ ಅಂಚೆಪೆಟ್ಟಿಗೆಗೆ ಹಾಕಿಬರುತ್ತೇನೆ. ಮನೆಯಲ್ಲಿ ಇಟ್ಟುಕೊಂಡರೆ, ನೀನು ಮತ್ತೆ ಫೋನ್ ಮಾಡಿ "ನಾನು ಕಣೇ" ಎಂದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ.

ನಿನ್ನ ಕಣ್ಣು ಚೆನ್ನಾಗಿರಲಿ, ಚಳಿಗಾಲ ನಿನಗೆ ಹಗುರವಾಗಿ ಕಳೆಯಲಿ.

ನಿನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ
ಹಿಲ್ಕಾ