ಬಾಯಿ ಮುಚ್ಚಿಕೊಂಡು ತೊಳೆದ ಫೋಟೋ

ನವಲಗುಂದ, ಫೆಬ್ರವರಿ ಮೂವತ್ತು, ೨೨೬೧

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮ ಹಿರಿಯರು ಅದಕ್ಕೆ ದಿನ ದಾನ ಕೊಟ್ಟರು. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದಾವು, ಕ್ಷಮಿಸಿ. ನಮ್ಮ ಓಣಿಯವರಿಗೂ ನನ್ನ ಮಾತು ಅರ್ಧವೇ ತಿಳಿಯುವುದು. ಉಳಿದರ್ಧವನ್ನು ಚೇಷ್ಟೆ ಎಂದು ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಕತ್ತಲೆ ಇಲ್ಲ. ಗೋಡೆ, ರಸ್ತೆ, ಉಟ್ಟ ಬಟ್ಟೆ ಎಲ್ಲಕ್ಕೂ ಮಿಣುಕುಲೇಪ ಬಳಿದಿರುತ್ತದೆ, ಸದಾ ಬೆಳಗುತ್ತವೆ. ಮೊಮ್ಮಗಳ ಮದುವೆಯಲ್ಲಿ ಬೀಗರನ್ನು ಬೆಚ್ಚಿಬೀಳಿಸಲು ನಾನು ಅದನ್ನು ಹಲ್ಲಿಗೂ ಹಚ್ಚಿಸಿಕೊಂಡೆ. ಬೀಗರು ಹೋದರು, ಬೆಳಕು ಹೋಗಲಿಲ್ಲ. ಇನ್ನೊಂದು ಒಪ್ಪಚಿತ್ರ. ನಮ್ಮ ಫೋಟೋಗಳು ಗೋಡೆಯ ಮೇಲೆ ತಮ್ಮನ್ನು ತಾವೇ ಒಪ್ಪ ಮಾಡಿಕೊಳ್ಳುತ್ತವೆ. ವರ್ಷವರ್ಷಕ್ಕೂ ಸುಕ್ಕು ಇಳಿಯುತ್ತದೆ, ಬಣ್ಣ ಏರುತ್ತದೆ. ನನ್ನ ಚಿತ್ರಕ್ಕೆ ಈಗ ಹೆಣ್ಣು ನೋಡಬಹುದು.

ಪಕ್ಕದ ಮನೆಯ ನೀಲಗಂಗಕ್ಕನ ಸಂಕಟ ಇದೇ. ಅವ್ವ ಹೋದಾಗ ಅವಳಿನ್ನೂ ಲಂಗದ ಹುಡುಗಿ. ಅವ್ವನ ಮೂಗು ಎಡಕ್ಕೆ ವಾರೆ ಇತ್ತೆಂದು ಅವಳ ನೆನಪು. ಗೋಡೆಯ ಮೇಲಿನ ಅವ್ವನ ಮೂಗು ಸಂಪಿಗೆ ಎಸಳು. ಮನೆಯವರೆಲ್ಲ ಗೋಡೆಯನ್ನೇ ನಂಬಿದರು. ಈಚೆಗೆ ಅವಳಿಗೂ ಅನುಮಾನ ಹತ್ತಿತ್ತು, ತಾನು ನೆನೆದು ಅಳುವುದು ಯಾರ ಮುಖವನ್ನು ಎಂದು.

ಆಗ ಅವಳ ಅಟ್ಟದಲ್ಲಿ ಊಟದ ತಟ್ಟೆಯಷ್ಟು ಅಗಲದ ಮರದ ಚೌಕಟ್ಟೊಂದು ಸಿಕ್ಕಿತು. ನಿಮ್ಮ ಕಾಲದ ದೊಡ್ಡ ಕ್ಯಾಮೆರಾ ಹೊತ್ತು ತಿರುಗುತ್ತಿದ್ದವನೊಬ್ಬ ಅವ್ವನ ಫೋಟೋ ತೆಗೆದು, ತೊಳೆಯುವ ಮೊದಲೇ ತೀರಿಕೊಂಡಿದ್ದ. ಒಳಗಿದ್ದದ್ದು ಒಂದೇ ಹಾಳೆ ಫಿಲ್ಮು. ತೊಳೆಯುವ ಮುನ್ನ ಬೆಳಕು ತಾಕಿ ಕೆಟ್ಟರೆ ಅವ್ವ ಇನ್ನೊಮ್ಮೆ ಹೋದಂತೆ. ತೊಳೆಯುವ ವಿದ್ಯೆ ಅಜ್ಜನಿಂದ ಕಲಿತು ಉಳಿದವನು ಊರಲ್ಲಿ ನಾನೊಬ್ಬ, ಅದೂ ಬಾಯಿತುಂಬ ದೀಪ ಇಟ್ಟುಕೊಂಡವನು.

ಕತ್ತಲೆ ಸಿಕ್ಕಿದ್ದು ಹಗೇವಿನಲ್ಲಿ, ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿಯಲ್ಲಿ. ಅದರ ಬಾಯಿ ತೆಗೆದು ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿದೆವು, ಆರಲಿಲ್ಲ. ದೀಪ ಮೇಲೆಳೆದು, ಬಟ್ಟೆಯ ಬೆಳಕು ಮರೆಯಾಗಲು ಲೇಪವಿಲ್ಲದ ಹಳೇ ಕಂಬಳಿ ಸುತ್ತಿಕೊಂಡು ಇಬ್ಬರೂ ಇಳಿದೆವು. ಅಕ್ಕನ ಸೊಸೆ ಮೇಲಿಂದ ಕಲ್ಲು ಮುಚ್ಚಿದಳು. ಅಕ್ಕ ನನ್ನ ಬಾಯಿಗೆ ಟವೆಲ್ಲು ಬಿಗಿದು, "ಬಾಯಿ ತಗದೀ ಅಂದ್ರ ಒಂದೊಂದ ಹಲ್ಲ ಕೀಳ್ತೀನಿ ನೋಡು," ಎಂದಳು.

ಗಡಿಯಾರಗಳೂ ಬೆಳಗುವುದರಿಂದ ಹೊತ್ತು ಅಳೆಯಲು ಅವ್ವನ ಬೀಸುಕಲ್ಲಿನ ಪದವೇ ಗತಿ. ಪದ ಮುಗಿಯುವ ತನಕ ಫಿಲ್ಮು ಮದ್ದಿನ ನೀರಿನಲ್ಲಿರಬೇಕು. ಅವಳು ಹಾಡಿದಳು, ನಾನು ಮದ್ದಿನ ತಟ್ಟೆ ತೂಗಿದೆ. ನಡುವೆ ಹಾಡು ನಿಂತಿತು. ಮುಂದಿನ ಸಾಲು ಅವಳಿಗೆ ಹೊಳೆಯುತ್ತಿಲ್ಲ. ನನಗೆ ಗೊತ್ತಿತ್ತು, ಆದರೆ ಬಾಯಿ ತೆರೆಯುವಂತಿಲ್ಲ. ಜನ್ಮದಲ್ಲಿ ಮೊದಲ ಸಲ ನಾಲಗೆ ಬಿಗಿಹಿಡಿದೆ. ಒಂದು ಕೈಯಲ್ಲಿ ತಟ್ಟೆ ತೂಗುತ್ತಲೇ ಇನ್ನೊಂದರಲ್ಲಿ ಅವಳ ಕೈ ಹಿಡಿದು, ಬೀಸುಕಲ್ಲಿನ ಗೂಟ ತಿರುಗಿಸಿದಂತೆ ಸುತ್ತ ತಿರುಗಿಸಿದೆ. ಕೈಗೆ ನೆನಪಿತ್ತು. ಹಾಡು ಬಂತು.

ಫಿಲ್ಮು ಒಣಗಿದಾಗ ಕಪ್ಪು ಬಿಳುಪು ಅದಲುಬದಲಾಗಿ ಮುಖ ಗುರುತಾಗಲಿಲ್ಲ. ಅವ್ವನ ಬೆಳ್ಳಿ ಕಾಲುಂಗುರ ಕರಗಿಸಿ ಮಾಡಿದ ಮದ್ದು ಹಿಡಿದು ಮತ್ತೆ ಇಳಿದು, ಕತ್ತಲೆಯಲ್ಲೇ ಕಾಗದಕ್ಕೆ ಬಳಿದೆವು. ಕಾಗದದ ಮೇಲೆ ಫಿಲ್ಮು, ಫಿಲ್ಮಿನ ಮೇಲೆ ಗಾಜು. ಇನ್ನು ಬೇಕಾದದ್ದು ಚೂರು ಬೆಳಕು, ದೀಪ ಮೇಲೆಯೇ ಉಳಿದಿತ್ತು. ಅಕ್ಕ ನನ್ನ ಟವೆಲ್ಲು ಬಿಚ್ಚಿದಳು.

"ಈಗ ನಗು ಲೇ ಮಂಗ್ಯಾ."

ನಗು ಬರಲಿಲ್ಲ. ಸುಮ್ಮನೆ ಹಲ್ಲು ಕಿರಿದೆ. ಸಾಕಾಯಿತು. ಆಮೇಲೆ ಎಲೆಯಡಿಕೆ ಜಗಿದು ಹಲ್ಲು ಕೆಂಪು ಮಾಡಿಕೊಂಡೆ. ಕೆಂಪು ಬೆಳಕಿಗೆ ಈ ಕಾಗದ ಕೆಡುವುದಿಲ್ಲ. ಆ ಬೆಳಕಿನಲ್ಲಿ ಕಾಗದವನ್ನು ಮದ್ದಿನ ನೀರಿಗೆ ಬಿಟ್ಟಾಗ ನೀರೊಳಗಿಂದ ಮೊದಲು ಕಣ್ಣು ಬಂದವು, ಆಮೇಲೆ ಮೂಗು. ಎಡಕ್ಕೆ ವಾರೆ. ಅಕ್ಕ ಒದ್ದೆ ಕೈಯಿಂದ ತನ್ನ ಮೂಗು ಮುಟ್ಟಿ ನೋಡಿಕೊಂಡಳು.

ನಿಮ್ಮಲ್ಲಿ ಕತ್ತಲೆ ಬೇಕಾದಷ್ಟು ಇದೆಯಂತೆ. ಒಂದು ಕೋಣೆಯಷ್ಟನ್ನು ನಮಗಾಗಿ ಉಳಿಸಿಡಿ, ತಿದ್ದದ ಒಂದು ಮುಖವನ್ನೂ. ಏಳುತ್ತೇನೆ, ಫೋಟೋ ತೂಗುಹಾಕಲು ಅಕ್ಕ ಕರೆಯುತ್ತಿದ್ದಾಳೆ. ನೆಟ್ಟಗೆ ಹಾಕು ಎಂದು ಸೊಸೆಯ ಅಪ್ಪಣೆ. ನಾನು ಎಡಕ್ಕೆ ಚೂರು ವಾರೆಯಾಗಿಯೇ ಹಾಕುವವನು.

ನಿಮ್ಮ ಮರಿಮಕ್ಕಳ ಮರಿಮಗ,
ಫಕೀರಪ್ಪ